ಗುಜರಿಗೆ ಹಾಕುವ ಮೊದಲು ನಮ್ಮನ್ನು ಕರೆಯಿರಿ

ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಸ್ವಯಂಸೇವಕರ ಪ್ರಣಾಳಿಕೆ

ಮಣಿಪಾಲದ ಕಾಲೇಜಿನ ಲ್ಯಾಬು, ಉಡುಪಿಯ ಬ್ಯಾಂಕಿನ ಕಚೇರಿ, ಕಾರ್ಕಳದ ಗೇರುಬೀಜ ಕಾರ್ಖಾನೆಯ ಆಫೀಸು, ಕಾಪುವಿನಲ್ಲಿ ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಗಲ್ಫ್‌ನವರ ಮನೆ. ಇಲ್ಲೆಲ್ಲ ಇನ್ನೂ ಕೆಲಸ ಮಾಡಬಲ್ಲ ಕಂಪ್ಯೂಟರುಗಳು ಗುಜರಿಯವನ ದಾರಿ ಕಾಯುತ್ತ ಕೂತಿವೆ. ಅವನ್ನು ನಾವು ಕೇಳಿ ಪಡೆಯುತ್ತೇವೆ, ರಿಪೇರಿ ಮಾಡುತ್ತೇವೆ, ಶಾಲೆಗಳಿಗೆ ಮುಟ್ಟಿಸುತ್ತೇವೆ. ಮೊದಲು ಈ ಜಿಲ್ಲೆಯ ಶಾಲೆಗಳಿಗೆ, ಅದರ ಜೊತೆಜೊತೆಗೇ ಕಡಲಾಚೆಯ ಶಾಲೆಗಳಿಗೆ. ಮುಟ್ಟಿಸಿದ ಮೇಲೆ ಮೂರು ವರ್ಷ ಅವುಗಳ ಹೊಣೆ ನಮ್ಮದೇ. ಈ ಕೊನೆಯ ಮಾತಿಗಾಗಿಯೇ ಈ ಪ್ರಣಾಳಿಕೆ ಬರೆಯುತ್ತಿದ್ದೇವೆ; ಉಳಿದದ್ದನ್ನು ಎಷ್ಟೋ ಸಂಘಸಂಸ್ಥೆಗಳು ಆಗಲೇ ಮಾಡಿವೆ.

ಈಗಲೇ ಏಕೆ ಎಂದರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ ಮುಗಿಯಿತು. ಸುಮಾರು 2017ಕ್ಕಿಂತ ಹಿಂದಿನ ಪ್ರೊಸೆಸರ್ ಇರುವ ಯಂತ್ರಗಳಿಗೆ ವಿಂಡೋಸ್ 11ರಲ್ಲಿ ಅಧಿಕೃತವಾಗಿ ಜಾಗವಿಲ್ಲ. ಇದರಿಂದ ಜಗತ್ತಿನಲ್ಲಿ ಸುಮಾರು 24 ಕೋಟಿ ಕಂಪ್ಯೂಟರುಗಳು ಮೂಲೆ ಸೇರಬಹುದೆಂದು ಕೆನಾಲಿಸ್ ಸಂಸ್ಥೆ 2023ರಲ್ಲೇ ಅಂದಾಜು ಮಾಡಿತ್ತು. ಆ ಯಂತ್ರಗಳು ಕೆಟ್ಟಿಲ್ಲ. ಒಂದು ಕಂಪೆನಿಯ ಪಟ್ಟಿಯಿಂದ ಹೊರಬಿದ್ದಿವೆ, ಅಷ್ಟೆ. ಲೆಕ್ಕದ ಪುಸ್ತಕವೂ ಅವುಗಳ ಪರವಾಗಿಲ್ಲ. ಆದಾಯ ತೆರಿಗೆಯ ಲೆಕ್ಕದಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ ಶೇ. 40 ಸವಕಳಿ, ನೂರು ರೂಪಾಯಿಯ ಯಂತ್ರ ಐದು ವರ್ಷಕ್ಕೆ ಎಂಟು ರೂಪಾಯಿಗೂ ಬಾಳುವುದಿಲ್ಲ. ಆಡಿಟರು ಕೆಂಪು ಗೆರೆ ಎಳೆದ ಮೇಲೆ ಅದು ಕೋಣೆ ತುಂಬುವ ಕಸ. ವಿಶ್ವಸಂಸ್ಥೆಯ ಇ–ತ್ಯಾಜ್ಯ ವರದಿಯ ಪ್ರಕಾರ 2022ರಲ್ಲಿ ಜಗತ್ತು ಹೊರಹಾಕಿದ ಇಂಥ ಕಸ 6.2 ಕೋಟಿ ಟನ್, ಕ್ರಮವಾಗಿ ಸಂಗ್ರಹವಾದದ್ದು ಅದರಲ್ಲಿ ಶೇ. 22.3 ಮಾತ್ರ. ಇತ್ತ ನಮ್ಮ ದೇಶದಲ್ಲಿ ಶಾಲೆಗಳ ಅಂಕಿಅಂಶ ಕೊಡುವ 2023–24ರ ಯುಡೈಸ್ ವರದಿಯಂತೆ ಕೆಲಸ ಮಾಡುವ ಕಂಪ್ಯೂಟರ್ ಇದ್ದದ್ದು ಶೇ. 57.2 ಶಾಲೆಗಳಲ್ಲಿ.

ಶಾಲೆಗೆ ಕಂಪ್ಯೂಟರ್ ದಾನ ನಮ್ಮ ಜಿಲ್ಲೆಗೆ ಹೊಸತೇನಲ್ಲ. ಶತಮಾನೋತ್ಸವ ಬಂತೆಂದರೆ ಹಳೆ ವಿದ್ಯಾರ್ಥಿ ಸಂಘದವರು ಮುಂಬಯಿಗೆ, ದುಬೈಗೆ, ಮಸ್ಕತ್ತಿಗೆ ಫೋನು ಮಾಡುತ್ತಾರೆ. ದಾನಿಗಳು ಧಾರಾಳಿಗಳು. ವೇದಿಕೆಯ ಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ. ಕೆಳಗೆ ಹೊಚ್ಚ ಹೊಸ ಕಂಪ್ಯೂಟರು. ಆಮೇಲೆ ಯಕ್ಷಗಾನ. ಎರಡು ವರ್ಷ ಬಿಟ್ಟು ಅದೇ ಶಾಲೆಗೆ ಹೋಗಿ ನೋಡಿ. ಕಂಪ್ಯೂಟರ್ ಕೋಣೆಗೆ ಬೀಗ, ಕೀಲಿ ಹೆಡ್ ಮಾಸ್ಟರ ಡ್ರಾಯರಿನಲ್ಲಿ, ಯಂತ್ರದ ಮೇಲೆ ಹೂವಿನ ಚಿತ್ತಾರದ ಬಟ್ಟೆ. ಗೋಡೆಯಲ್ಲಿ ದಾನಿಯ ಹೆಸರಿನ ಫಲಕ ಮಾತ್ರ ಚೆನ್ನಾಗಿದೆ. ಸರ್ಕಾರದ ಕಥೆಯೂ ಹೆಚ್ಚು ಬೇರೆಯಲ್ಲ. ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಟ್ಟ ‘ಮಾಹಿತಿ ಸಿಂಧು’ ಶುರುವಾಗಿ ಎರಡು ದಶಕ ದಾಟಿದೆ. ಆಮೇಲೂ ಯೋಜನೆಗಳು ಬಂದವು, ಹೆಸರು ಬದಲಾಯಿತು, ಗುತ್ತಿಗೆಯ ಕಂಪ್ಯೂಟರ್ ಶಿಕ್ಷಕರು ಬಂದರು, ಗುತ್ತಿಗೆ ಮುಗಿದಲ್ಲಿ ಹೋದರು. 2024ರ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲ ಸ್ಥಾನ ಪಡೆದ ಜಿಲ್ಲೆ ನಮ್ಮದು ಎನ್ನುವುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು.

ಯಂತ್ರ ಸಾಯುವುದು ಹೇಗೆ ಎಂದು ತಿಳಿಯದೆ ಯಂತ್ರ ದಾನ ಮಾಡಬಾರದು. ಕರಾವಳಿಯಲ್ಲಿ ಮೊದಲ ಶತ್ರು ಸಿಡಿಲು. ಮೇ ಕೊನೆಯ ಪತ್ತನಾಜೆಗೆ ಮುಂಚಿನ ಗುಡುಗು ಮಳೆ ಬರುವುದು ಶಾಲೆಗೆ ಬೇಸಗೆ ರಜೆ ಇರುವಾಗ. ಬೀಗ ಹಾಕಿದ ಕೋಣೆಯಲ್ಲಿ ಪ್ಲಗ್ಗು ಹಾಗೆಯೇ ಸಿಕ್ಕಿಕೊಂಡಿರುತ್ತದೆ. ಇಂಟರ್ನೆಟ್ಟಿನ ವೈರು ಕೂಡ. ಜೂನಿನಲ್ಲಿ ಬಾಗಿಲು ತೆರೆದಾಗ ಮದರ್‌ಬೋರ್ಡ್ ಹೋಗಿದೆ, ಯಾವತ್ತು ಹೋಯಿತೆಂದು ಹೇಳುವವರಿಲ್ಲ. ಮುರಕಲ್ಲಿನ ನೆಲದಲ್ಲಿ ಅರ್ಥಿಂಗ್ ಸರಿಯಾಗಿ ಕೂರುವುದು ಕಷ್ಟ. ಇದ್ದಿಲು, ಉಪ್ಪು ಹಾಕಿ ಗುಂಡಿ ತೋಡಿದ್ದರೂ ಏಪ್ರಿಲಿನಲ್ಲಿ ಅದಕ್ಕೆ ನೀರು ಹೊಯ್ಯುವವರು ಯಾರು? ಎರಡನೆಯ ಶತ್ರು ತೇವ. ಆಟಿ ತಿಂಗಳಲ್ಲಿ ಹಪ್ಪಳವೇ ಮೆತ್ತಗಾಗುವ ಊರು ಇದು; ಕಾಪು, ಪಡುಬಿದ್ರಿಯ ಕಡಲ ಕರೆಯ ಶಾಲೆಗಳಲ್ಲಿ ಅದರ ಜೊತೆಗೆ ಉಪ್ಪುಗಾಳಿ. ರ‍್ಯಾಮಿನ ಹಲ್ಲುಗಳಿಗೆ ಕಿಲುಬು ಹಿಡಿಯುತ್ತದೆ, ಕಂಪ್ಯೂಟರ್ ‘ಬೀಪ್ ಬೀಪ್’ ಎಂದು ನಿಂತುಬಿಡುತ್ತದೆ, ಎಲ್ಲರೂ ಅದು ಸತ್ತಿತೆಂದು ಬಟ್ಟೆ ಹೊದಿಸುತ್ತಾರೆ. ನಿಜಕ್ಕೂ ಬೇಕಾಗಿದ್ದದ್ದು ಪೆನ್ಸಿಲ್ ಅಳಿಸುವ ಒಂದು ರಬ್ಬರು. ರ‍್ಯಾಮ್ ಕಿತ್ತು, ಹಲ್ಲನ್ನು ರಬ್ಬರಿನಲ್ಲಿ ಮೆತ್ತಗೆ ಉಜ್ಜಿ, ಮತ್ತೆ ಒತ್ತಿ ಕೂರಿಸಿದರೆ ಎಷ್ಟೋ ಯಂತ್ರಗಳು ಎದ್ದು ಕೂರುತ್ತವೆ. ಏಳನೇ ತರಗತಿಯ ಮಗು ಕಲಿಯಬಹುದಾದ ವಿದ್ಯೆ ಇದು. ನಾಣ್ಯದಂಥ ಸಣ್ಣ ಬ್ಯಾಟರಿ ಮುಗಿದು ಗಡಿಯಾರ ಹಿಂದಕ್ಕೆ ಹೋದರೆ ಇಂಟರ್ನೆಟ್ಟಿನ ಹೆಚ್ಚಿನ ತಾಣಗಳು ತೆರೆಯುವುದಿಲ್ಲ; ಅದಕ್ಕೂ ಖರ್ಚು ಒಂದು ಊಟಕ್ಕಿಂತ ಕಡಿಮೆ. ಯುಪಿಎಸ್ ಬ್ಯಾಟರಿಯ ಆಯಸ್ಸು ಎರಡು ಮೂರು ವರ್ಷ. ಶತಮಾನೋತ್ಸವದ ಬಜೆಟ್ಟಿನಲ್ಲಿ ಎರಡನೆಯ ಬ್ಯಾಟರಿಗೆ ಯಾರೂ ಹಣ ತೆಗೆದಿಡುವುದಿಲ್ಲ.

ಇದನ್ನೆಲ್ಲ ನೋಡಿದ ಮೇಲೆ ನಾವು ಕೆಲವು ತೀರ್ಮಾನಕ್ಕೆ ಬಂದಿದ್ದೇವೆ. ಡೆಸ್ಕ್‌ಟಾಪಿಗಿಂತ ಹಳೆಯ ಲ್ಯಾಪ್‌ಟಾಪು ನಮ್ಮ ಶಾಲೆಗೆ ಒಳ್ಳೆಯದು. ಅದರ ಬ್ಯಾಟರಿಯೇ ಅದರ ಯುಪಿಎಸ್, ಗುಡುಗಿದ ಕೂಡಲೇ ಪ್ಲಗ್ ಕಿತ್ತು ಪಾಠ ಮುಂದುವರಿಸಬಹುದು, ರಾತ್ರಿ ಕಪಾಟಿನಲ್ಲಿಟ್ಟು ಬೀಗ ಹಾಕಬಹುದು. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕದೆ ಯಾವ ಯಂತ್ರವನ್ನೂ ಶಾಲೆಗೆ ಕೊಡುವುದಿಲ್ಲ. ಆಮೆಯಂಥ ಕಂಪ್ಯೂಟರು ಮಕ್ಕಳಿಗೆ ಕಂಪ್ಯೂಟರ್ ಮೇಲೆಯೇ ಬೇಸರ ತರಿಸುತ್ತದೆ. ಯಂತ್ರ ದಿನಕ್ಕೆ ಒಂದು ಗಂಟೆಯಾದರೂ ಓಡಲೇಬೇಕು ಎನ್ನುವುದು ಶಾಲೆಗೆ ನಮ್ಮ ಶರತ್ತು, ರಜೆಯಲ್ಲಾದರೆ ಪ್ಲಗ್ ಕಿತ್ತಿಡುವುದು. ಓಡಿದ ಯಂತ್ರದ ಶಾಖಕ್ಕೆ ಅದರೊಳಗಿನ ತೇವ ಆರುತ್ತದೆ. ಬೀಗದೊಳಗೆ ಜೋಪಾನವಾಗಿಟ್ಟದ್ದೇ ಬೇಗ ಹಾಳಾಗುವುದು ಈ ಸೀಮೆಯ ಲಕ್ಷಣ.

ಮೂರು ವರ್ಷದ ಹೊಣೆ ಎಂದರೆ ಏನು? ಇದಕ್ಕೆ ಮಾದರಿ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 1925ರಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವರು ಉಡುಪಿಯಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಶುರು ಮಾಡಿದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ. ಬ್ಯಾಂಕಿಗೆ ಜನ ಬರಲಿ ಎಂದು ಕಾಯದೆ ಏಜೆಂಟೇ ಮನೆ ಬಾಗಿಲಿಗೆ ಹೋದ, ನಾಳೆಯೂ ಹೋದ, ನಾಡಿದ್ದೂ ಹೋದ. ಆ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಪಿಗ್ಮಿ ಎಂಬ ಮಾತು ಮಾತ್ರ ಅಂಗಡಿ ಅಂಗಡಿಯಲ್ಲಿ ಇನ್ನೂ ಇದೆ. ಆ ಏಜೆಂಟನ ನಡಿಗೆ ನಮಗೆ ಬೇಕು. ಪ್ರತಿ ಶಾಲೆಗೂ ನಮ್ಮಲ್ಲೊಬ್ಬರು ತಿಂಗಳಿಗೊಮ್ಮೆ ಹೋಗುತ್ತಾರೆ. ಯಂತ್ರ ಕೆಟ್ಟಿದೆಯೆಂದು ಶಾಲೆಯವರು ಹೇಳಲಿ, ಹೇಳದಿರಲಿ. ನಮ್ಮ ಅನುಭವದಲ್ಲಿ ಶಾಲೆಯವರು ಹೇಳುವುದಿಲ್ಲ. ದಾನಿಗೆ ಬೇಜಾರಾದೀತು ಎಂಬ ಸಂಕೋಚ, ಇಲಾಖೆಗೆ ಉತ್ತರ ಕೊಡಬೇಕಾದೀತು ಎಂಬ ಹೆದರಿಕೆ. ಅಲ್ಲೇ ರಿಪೇರಿಯಾಗದ ಯಂತ್ರವನ್ನು ಬಸ್ಸಿನಲ್ಲಿ ಕೊಟ್ಟು ಕಳಿಸಿದರೆ ಸಾಕು. ಕಾರ್ಕಳದಿಂದ ಹಿರಿಯಡ್ಕದ ಮೇಲೆ ಮಣಿಪಾಲಕ್ಕೆ, ಕಾಪುವಿನಿಂದ ಉಡುಪಿಗೆ ಮಲ್ಲಿಗೆ ಅಟ್ಟೆಯನ್ನೂ ಔಷಧಿಯನ್ನೂ ಜೋಪಾನವಾಗಿ ಮುಟ್ಟಿಸುವ ಕಂಡಕ್ಟರುಗಳು ಲ್ಯಾಪ್‌ಟಾಪಿನ ಚೀಲವನ್ನು ಬೇಡವೆನ್ನಲಿಕ್ಕಿಲ್ಲ.

ಕೈಗಳಿಗೇನೂ ಕೊರತೆಯಿಲ್ಲ. ಮಣಿಪಾಲದಲ್ಲಿ 1957ರಿಂದ ಎಂಐಟಿ ಇದೆ, ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ 1986ರಿಂದ, ಕಾಪು ತಾಲೂಕಿನ ಬಂಟಕಲ್ಲಿನಲ್ಲಿ 2010ರಿಂದ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ಎಷ್ಟು ಹುಡುಗರು ಒಂದು ಕಂಪ್ಯೂಟರನ್ನು ಬಿಚ್ಚಿ ನೋಡಿದ್ದಾರೆ ಎಂದು ಕೇಳಿದರೆ ಅವರೇ ನಗುತ್ತಾರೆ. ಬಿಚ್ಚಲು ನಮ್ಮಲ್ಲಿಗೆ ಬನ್ನಿ. ಪ್ರಮಾಣಪತ್ರ ಕೊಡುವುದಿಲ್ಲ.

ಕೊಡುವವರಿಗೂ ಒಂದೆರಡು ಮಾತು ಖಡಾಖಂಡಿತವಾಗಿ ಹೇಳಬೇಕು. ಪರ್ಯಾಯಕ್ಕೋ ಬ್ರಹ್ಮಕಲಶಕ್ಕೋ ಹೊರೆಕಾಣಿಕೆ ಹೊರಡುವಾಗ ಯಾರೂ ಕೊಳೆತ ತೆಂಗಿನಕಾಯಿ ಲಾರಿಗೆ ಹಾಕುವುದಿಲ್ಲ. ಶಾಲೆಗೆಂದ ಕೂಡಲೇ ಮಾತ್ರ ಒಡೆದ ಪರದೆ, ಕೀ ಉದುರಿದ ಕೀಬೋರ್ಡು, ಎಲ್ಲಿಂದ ಕಿತ್ತದ್ದೋ ತಿಳಿಯದ ವೈರಿನ ಗಂಟು ಹೊರಬರುತ್ತವೆ. ನಮ್ಮ ಕೈಯಲ್ಲಿ ಕಸ ಹೊರಿಸಿ ಪುಣ್ಯ ಬರೆಸಿಕೊಳ್ಳಬೇಡಿ. ಕೆಟ್ಟದ್ದನ್ನೂ ಬೇಕಾದರೆ ಕೊಡಿ, ಆದರೆ ಕೆಟ್ಟಿದೆ ಎಂದು ಹೇಳಿ ಕೊಡಿ. ಅದರ ಪರದೆಯೋ ರ‍್ಯಾಮೋ ಇನ್ನೊಂದಕ್ಕೆ ಉಪಯೋಗವಾದೀತು. ಏನೂ ಉಳಿಯದ್ದನ್ನು 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ–ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆ ಘಟಕಕ್ಕೇ ಕಳಿಸುತ್ತೇವೆ. ಗುಜರಿ ಅಂಗಡಿಗೆ ಕೊಟ್ಟರೆ ನಾಲ್ಕು ಕಾಸು ಸಿಗುತ್ತದೆಂದು ಗೊತ್ತು. ಆ ನಾಲ್ಕು ಕಾಸಿಗೆ ಎಲ್ಲೋ ಯಾರೋ ಬರಿಗೈಯಲ್ಲಿ ವೈರು ಸುಟ್ಟು ತಾಮ್ರ ತೆಗೆಯುತ್ತಾರೆ.

ಇನ್ನು ನಿಮ್ಮ ಫೋಟೊ, ಲೆಕ್ಕಪತ್ರ, ಗಿರಾಕಿಗಳ ಹೆಸರು. ಡಿಲೀಟ್ ಒತ್ತಿದರೆ ಅಳಿಯುವುದಿಲ್ಲ, ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಅಳಿಯುವುದಿಲ್ಲ. ಡಿಸ್ಕಿನ ಮೇಲೆ ಉದ್ದಕ್ಕೂ ಬೇರೆ ದತ್ತಾಂಶ ಬರೆದು ಹಳೆಯದನ್ನು ಮುಚ್ಚಬೇಕು, ಎಸ್‌ಎಸ್‌ಡಿಯಾದರೆ ಅದರದೇ ಅಳಿಸುವ ಆದೇಶ ಕೊಡಬೇಕು, ಕೆಟ್ಟ ಡಿಸ್ಕಾದರೆ ಡ್ರಿಲ್ ಹಾಕಿ ತೂತು ಕೊರೆಯಬೇಕು. ಇದನ್ನು ಕೊಟ್ಟವರ ಕಣ್ಣೆದುರೇ ಮಾಡುತ್ತೇವೆ, ಡಿಸ್ಕಿನ ಸೀರಿಯಲ್ ನಂಬರ್ ಬರೆದು ಚೀಟಿ ಕೊಡುತ್ತೇವೆ. ಬ್ಯಾಂಕಿನವರು, ಆಸ್ಪತ್ರೆಯವರು, ಸಿ.ಎ.ಗಳು ಹಿಂಜರಿಯುವುದು ಇದೊಂದೇ ಕಾರಣಕ್ಕೆ ಎಂದು ನಮಗೆ ಗೊತ್ತು.

ಒಳಗೆ ಹಾಕುವುದು ಲಿನಕ್ಸ್. ದುಡ್ಡು ಉಳಿಯುತ್ತದೆ ಎಂಬುದೊಂದು ಕಾರಣ, ಹಳೆಯ ಯಂತ್ರದಲ್ಲಿ ಚುರುಕಾಗಿ ಓಡುತ್ತದೆ ಎಂಬುದು ಇನ್ನೊಂದು. ‘ಅದು ಕಷ್ಟ ಮಾರಾಯ್ರೆ, ಮಕ್ಕಳಿಗೆ ಬರುವುದಿಲ್ಲ’ ಎನ್ನುವವರನ್ನು ಒಮ್ಮೆ ಕಾಸರಗೋಡಿಗೆ ಕರೆದುಕೊಂಡು ಹೋಗಬೇಕು. ಕೇರಳದ ಶಾಲೆಗಳಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾಯಿತು, ಮುಂದೆ ಇಡೀ ರಾಜ್ಯದ ಸರ್ಕಾರಿ ಶಾಲೆಗಳು ಮುಕ್ತ ತಂತ್ರಾಂಶಕ್ಕೆ ಹೋದವು. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಿದ್ದಾರೆ. ಗಡಿಯ ಆಚೆ ಕನ್ನಡದ ಮಗುವಿಗೆ ಬರುವುದು ಈಚೆ ಏಕೆ ಬಾರದು? ಕೇರಳ ಗೆದ್ದದ್ದು ಯಂತ್ರ ಹಂಚಿ ಅಲ್ಲ, ಊರೂರಿನ ಶಿಕ್ಷಕರಿಗೇ ತರಬೇತಿ ಕೊಟ್ಟು. ನಮ್ಮಲ್ಲಿ ಆ ಕೆಲಸ ಅರ್ಧಕ್ಕೆ ನಿಂತಿದೆ.

ಕೀಲಿಮಣೆಯ ವಿಷಯದಲ್ಲಂತೂ ಉಡುಪಿಯವರು ನಾಚಿಕೆ ಪಡುವ ಕಾರಣವೇ ಇಲ್ಲ. ಕಿನ್ನಿಕಂಬಳದಲ್ಲಿ ಹುಟ್ಟಿ ಉಡುಪಿ–ಮಣಿಪಾಲದವರೇ ಆದ ಕೆ.ಪಿ. ರಾವ್ ರೂಪಿಸಿದ ವಿನ್ಯಾಸವನ್ನೇ ಇವತ್ತು ‘ನುಡಿ’ ತಂತ್ರಾಂಶದಲ್ಲಿ ಸರ್ಕಾರಿ ಕಚೇರಿಗಳೆಲ್ಲ ಒತ್ತುತ್ತಿರುವುದು. ಅವರು ತಮ್ಮ ‘ಸೇಡಿಯಾಪು’ ತಂತ್ರಾಂಶವನ್ನು ಹಣ ಕೇಳದೆ ಹಂಚಿದರು. ಲಿನಕ್ಸ್‌ನಲ್ಲಿ ಆ ವಿನ್ಯಾಸ ಕಗಪ ಎಂಬ ಹೆಸರಿನಲ್ಲಿ ಸಿದ್ಧವಾಗಿಯೇ ಇದೆ, ಆರಿಸಿಕೊಂಡರೆ ಸಾಕು. ಇಂಟರ್ನೆಟ್ ಇಲ್ಲದ ಶಾಲೆಗೆ ಕಿವಿಕ್ಸ್ ತಂತ್ರಾಂಶದ ಮೂಲಕ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ತುಂಬಿ ಕೊಡುತ್ತೇವೆ. 2016ರಲ್ಲಿ ತುಳು ವಿಕಿಪೀಡಿಯವೂ ಬಂದಿದೆ. ಮನೆಯಲ್ಲಿ ಆಡುವ ಮಾತು ಪರದೆಯ ಮೇಲೆ ಬಂದಾಗ ಮಕ್ಕಳು ಕಣ್ಣರಳಿಸುವುದು ಬೇರೆಯೇ ಬಗೆ. ಜಿಯೋಜೀಬ್ರಾ, ಟಕ್ಸ್ ಪೇಂಟ್, ರಾಜ್ಯದ ಪಠ್ಯಪುಸ್ತಕಗಳು, ಇವು ಇದ್ದೇ ಇರುತ್ತವೆ.

ಈಗ ಕಡಲಾಚೆಯ ಮಾತು. ‘ನಮ್ಮೂರ ಶಾಲೆಗೇ ಇಲ್ಲ, ಹೊರದೇಶಕ್ಕೆ ಏಕೆ?’ ಎಂದು ನಮ್ಮೊಳಗೇ ಬಿಸಿ ಬಿಸಿ ಜಗಳ ಆಗಿದೆ. ಜಗಳ ಮುಗಿದಿಲ್ಲ, ಆದರೆ ಬಹುಮತ ಹೀಗೆ ಹೇಳುತ್ತದೆ. ಈ ಊರು ಕಡಲಾಚೆಯಿಂದ ಪಡೆದದ್ದು ಕಡಿಮೆಯೇನಲ್ಲ. 1923ರಲ್ಲಿ ಈವಾ ಲೊಂಬಾರ್ಡ್ ಎಂಬ ಸ್ವಿಸ್ ವೈದ್ಯೆ ಉಡುಪಿಗೆ ಬಂದು ಆಸ್ಪತ್ರೆ ಕಟ್ಟಿದಾಗ ‘ಸ್ವಿಟ್ಜರ್ಲೆಂಡಿನಲ್ಲಿ ರೋಗಿಗಳಿಲ್ಲವೇ’ ಎಂದು ನಾವು ಕೇಳಲಿಲ್ಲ. ನಮ್ಮ ಮನೆಗಳ ಹೆಂಚು, ನಮ್ಮ ಮಕ್ಕಳ ಫೀಸು ಕುವೈತಿನಿಂದ, ಬಹರೈನಿನಿಂದ ಬಂದಿವೆ. ಜೊತೆಗೆ, ಮಣಿಪಾಲದಲ್ಲಿ ಓದಲು ನೇಪಾಳ, ಶ್ರೀಲಂಕಾ, ಮಾಲ್ದೀವ್ಸ್, ಆಫ್ರಿಕಾದ ದೇಶಗಳಿಂದ ಬಂದ ಹುಡುಗ ಹುಡುಗಿಯರು ನಮ್ಮ ಬೀದಿಯಲ್ಲೇ ಓಡಾಡುತ್ತಾರೆ, ನಮ್ಮ ಹೋಟೆಲಿನ ಗೋಳಿಬಜೆ ತಿನ್ನುತ್ತಾರೆ. ಅವರ ಊರಿನ ಶಾಲೆಯ ಸ್ಥಿತಿ ಅವರಿಗೆ ಗೊತ್ತು. ಅವರು ಕೇಳಿದರೆ ಇಲ್ಲವೆನ್ನುವುದು ಹೇಗೆ?

ಆದರೆ ಕಂಟೇನರ್ ತುಂಬಿ ಪಣಂಬೂರು ಬಂದರಿನಿಂದ ಹಡಗು ಹತ್ತಿಸುವ ಯೋಚನೆಗೆ ನಾವು ಸ್ಪಷ್ಟವಾಗಿ ವಿರುದ್ಧ. ದಾನದ ಹೆಸರಿನಲ್ಲಿ ಹಡಗು ಹತ್ತಿದ ಕಂಪ್ಯೂಟರುಗಳ ಗತಿ ಏನಾಯಿತೆಂದು ಘಾನಾದ ಅಕ್ರಾ ನಗರದ ಅಗ್ಬೊಗ್‌ಬ್ಲೋಶಿ ಗುಜರಿ ಹೇಳುತ್ತದೆ. ‘ಬಳಸಿದ ವಸ್ತು’ ಎಂದು ಬರೆಸಿಕೊಂಡು ಬಂದದ್ದರಲ್ಲಿ ಓಡದ ಯಂತ್ರಗಳೂ ಧಾರಾಳವಾಗಿ ಇದ್ದವು, ಅಲ್ಲಿನ ಹುಡುಗರು ಅವನ್ನು ಒಡೆದು ಸುಟ್ಟು ಬದುಕಿದರು. 2021ರ ಜುಲೈಯಲ್ಲಿ ಸರ್ಕಾರ ಆ ಗುಜರಿಯನ್ನೇ ಕೆಡವಿ ಹಾಕಿತು. ಒಂದು ದೇಶದ ವಿಷದ ಕಸ ಇನ್ನೊಂದು ದೇಶಕ್ಕೆ ಹೋಗದಂತೆ 1989ರಲ್ಲಿ ಬಾಸೆಲ್ ಒಪ್ಪಂದ ಆಯಿತು. 2025ರ ಜನವರಿ 1ರಿಂದ ಅದು ಇನ್ನೂ ಬಿಗಿಯಾಗಿದೆ: ಯಾವ ಬಗೆಯ ಇ–ತ್ಯಾಜ್ಯವನ್ನಾದರೂ ಗಡಿ ದಾಟಿಸಲು ಪಡೆಯುವ ದೇಶದ ಮುಂಗಡ ಒಪ್ಪಿಗೆ ಬೇಕು. ಒಳ್ಳೆಯದೇ ಆಯಿತು.

ನಮ್ಮ ದಾರಿ ಲಬ್‌ಡೂ ಎಂಬ ಅಂತರರಾಷ್ಟ್ರೀಯ ಸ್ವಯಂಸೇವಕ ಜಾಲದಿಂದ ಕಲಿತದ್ದು. ಹೇಗೂ ಹೊರಟ ಪ್ರಯಾಣಿಕ ತನ್ನ ಚೀಲದಲ್ಲಿ ಶಾಲೆಗೆಂದು ಒಂದು ಲ್ಯಾಪ್‌ಟಾಪ್ ಒಯ್ಯುತ್ತಾನೆ. ಹಡಗಿನ ಬಾಡಿಗೆಯಿಲ್ಲ, ಗೋದಾಮಿಲ್ಲ, ಮಧ್ಯವರ್ತಿಯಿಲ್ಲ. ರಜೆಗೆ ಊರಿಗೆ ಹೊರಟ ವಿದ್ಯಾರ್ಥಿ ತಾನೇ ಓದಿದ ಶಾಲೆಗೆ ಒಯ್ದು ಕೊಡುತ್ತಾನೆ, ಓಡಿಸಿ ತೋರಿಸುತ್ತಾನೆ, ಮರಳಿ ಬಂದು ನಮಗೆ ಹೇಳುತ್ತಾನೆ. ಹೋಗುವ ಮೊದಲು ಆ ದೇಶದ ಸುಂಕದ ನಿಯಮ ನೋಡಿಕೊಳ್ಳುವುದು ನಮ್ಮ ಕೆಲಸ. ಯಂತ್ರದೊಳಗೆ ನೇಪಾಳಿಯೋ ಸಿಂಹಳವೋ ಸ್ವಾಹಿಲಿಯೋ ಅವರದೇ ಭಾಷೆ ಇರುತ್ತದೆ. ಬಿಡಿ ಬ್ಯಾಟರಿ ಇದ್ದರೆ ಕ್ಯಾಬಿನ್ ಚೀಲದಲ್ಲೇ ಹೋಗಬೇಕು, ಚೆಕ್–ಇನ್ ಪೆಟ್ಟಿಗೆಯಲ್ಲಿ ಹಾಕುವಂತಿಲ್ಲ. ಹೊಣೆಯೂ ಯಂತ್ರದ ಜೊತೆ ಹೋಗುತ್ತದೆ. ಆ ಶಾಲೆಯಲ್ಲಿ ಸ್ಕ್ರೂಡ್ರೈವರ್ ಹಿಡಿಯಬಲ್ಲ ಒಬ್ಬರ ಹೆಸರು ಸಿಗದಿದ್ದರೆ ಕಳಿಸುವುದಿಲ್ಲ.

ಎದುರು ದಿಕ್ಕಿನಿಂದಲೂ ಇದು ನಡೆಯಬೇಕು. ದುಬೈಯಿಂದ ಬಂದು ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿಯುವ ನಮ್ಮವರ ಪೆಟ್ಟಿಗೆಯಲ್ಲಿ ಪಿಸ್ತಾ, ಖರ್ಜೂರ, ಟ್ಯಾಂಗ್ ಪುಡಿಯ ನಡುವೆ ಒಂದು ಲ್ಯಾಪ್‌ಟಾಪಿಗೆ ಜಾಗ ಇದ್ದೇ ಇರುತ್ತದೆ. 18 ದಾಟಿದ ಪ್ರಯಾಣಿಕ ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಲು ನಮ್ಮ ನಿಯಮ ಬಿಡುತ್ತದೆ. 2023ರ ಆಗಸ್ಟಿನಲ್ಲಿ ಲ್ಯಾಪ್‌ಟಾಪ್ ಆಮದಿಗೆ ಪರವಾನಗಿ ಬೇಕೆಂದು ಸರ್ಕಾರ ಹೇಳಿದಾಗಲೂ ಬ್ಯಾಗೇಜಿಗೆ ಅದು ಅನ್ವಯಿಸಲಿಲ್ಲ. ಒಬ್ಬರ ಕೈಯಲ್ಲಿ ಒಂದಕ್ಕಿಂತ ಹೆಚ್ಚು ನಾವು ಕೇಳುವುದಿಲ್ಲ. ಕಸ್ಟಮ್ಸ್‌ನವರು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಕಳ್ಳದಾರಿಯ ಪುಣ್ಯ ನಮಗೆ ಬೇಡ.

‘ಮೊಬೈಲ್ ಬಂದ ಮೇಲೆ ಇದೆಲ್ಲ ಏಕೆ?’ ಎನ್ನುವವರಿಗೆ ಉತ್ತರ ಚಿಕ್ಕದು. ಮೊಬೈಲಿನಲ್ಲಿ ಮಗು ನೋಡುತ್ತದೆ. ಕೀಲಿಮಣೆ ಇದ್ದರೆ ಬರೆಯುತ್ತದೆ, ಲೆಕ್ಕದ ಕೋಷ್ಟಕ ಹಾಕುತ್ತದೆ, ಸಣ್ಣ ಪ್ರೋಗ್ರಾಮು ಕಟ್ಟುತ್ತದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಪೆರುವಿನಿಂದ ಬಂದಿದೆ. ನಿಕೊಲಾಸ್ ನೆಗ್ರೊಪಾಂಟೆ 2005ರಲ್ಲಿ ‘ಮಗುವಿಗೊಂದು ಲ್ಯಾಪ್‌ಟಾಪ್’ ಎಂದು ಹೊರಟರು, ಪೆರು ಎಂಟು ಲಕ್ಷಕ್ಕೂ ಹೆಚ್ಚು ಯಂತ್ರ ಹಂಚಿತು. 319 ಹಳ್ಳಿಶಾಲೆಗಳಲ್ಲಿ ನಡೆದು 2012ರಲ್ಲಿ ಹೊರಬಂದ ಅಧ್ಯಯನ ಗಣಿತದಲ್ಲೂ ಭಾಷೆಯಲ್ಲೂ ಸುಧಾರಣೆ ಕಾಣಲಿಲ್ಲ ಎಂದಿತು. ಆದ್ದರಿಂದ ಅಂಕ ಹೆಚ್ಚುತ್ತದೆ ಎಂದು ನಾವು ಯಾವ ಎಸ್‌ಡಿಎಂಸಿ ಸಭೆಯಲ್ಲೂ ಹೇಳುವುದಿಲ್ಲ. ಕಲಿಸುವ ಟೀಚರು ಸಿದ್ಧರಿಲ್ಲದ ಶಾಲೆಗೆ ಯಂತ್ರ ಕೊಡುವುದೂ ಇಲ್ಲ. ಇಪ್ಪತ್ತು ಶಾಲೆಗೆ ಒಂದೊಂದು ಹಂಚಿ ಪತ್ರಿಕೆಯಲ್ಲಿ ಫೋಟೊ ಹಾಕಿಸುವುದಕ್ಕಿಂತ ಒಂದೇ ಶಾಲೆಗೆ ಎಂಟು ಹತ್ತು ಕೊಡುವುದು ಮೇಲು. ಒಂದು ಯಂತ್ರದ ಸುತ್ತ ನಲವತ್ತು ಮಕ್ಕಳು ನಿಂತರೆ ಮುಟ್ಟುವುದು ಕ್ಲಾಸ್ ಲೀಡರ್ ಮಾತ್ರ, ಅದೂ ಹೆಚ್ಚಾಗಿ ಹುಡುಗ.

ಈ ಚಳವಳಿಗೆ ಹೆಸರಿಟ್ಟಿಲ್ಲ. ಅಧ್ಯಕ್ಷ, ಗೌರವಾಧ್ಯಕ್ಷ, ಗೌರವ ಸಲಹೆಗಾರ ಎಂಬ ಪಟ್ಟಿ ಮಾಡಲು ಹೊರಟರೆ ನಮ್ಮ ಜಿಲ್ಲೆಯಲ್ಲಿ ಆಮಂತ್ರಣ ಪತ್ರಿಕೆ ಎಂಟು ಪುಟಕ್ಕೆ ಹೋಗುತ್ತದೆ. ನಗದು ಮುಟ್ಟುವುದಿಲ್ಲ, ಎಸ್‌ಎಸ್‌ಡಿ, ರ‍್ಯಾಮು, ಲ್ಯಾಪ್‌ಟಾಪ್ ಬ್ಯಾಟರಿ ತಂದು ಕೊಡಿ. ಶಾಲೆಯಲ್ಲಿ ಸಮಾರಂಭ ಬೇಡ. ದಾನಿಯ ಹೆಸರು ಯಂತ್ರದ ತಳಕ್ಕೆ ಅಂಟಿಸಿದ ಚೀಟಿಯಲ್ಲಿ, ಅದರ ರಿಪೇರಿಯ ಚರಿತ್ರೆಯ ಜೊತೆಗೆ ಇರುತ್ತದೆ.

ಕೊಡುವಾಗ ಎರಡನ್ನು ಮರೆಯಬೇಡಿ. ಚಾರ್ಜರ್ ಸಮೇತ ಕೊಡಿ, ಏಕೆಂದರೆ ಹತ್ತು ಮಾದರಿಗೆ ಹತ್ತು ಬಗೆಯ ಪಿನ್ನು. ಆಫೀಸಿನ ಯಂತ್ರವಾದರೆ ಬಯಾಸ್ ಪಾಸ್‌ವರ್ಡ್ ತೆಗೆಸಿ ಕೊಡಿ; ಕೆಲಸ ಬಿಟ್ಟುಹೋದ ಸಿಸ್ಟಮ್ ಅಡ್ಮಿನ್ನನ್ನು ಬೆಂಗಳೂರಿನಲ್ಲಿ ಹುಡುಕುವುದು ನಮ್ಮ ಕೈಲಾಗದ ಕೆಲಸ. ಆದರೆ ನಮ್ಮ ಮೊದಲ ಕೆಲಸಕ್ಕೆ ಯಾವ ದಾನವೂ ಬೇಕಿಲ್ಲ. ಬೇಸಗೆ ರಜೆಗೆ ಬೀಗ ಬೀಳುವ ಮುಂಚಿನ ವಾರ ನಾಲ್ಕೂ ಕಡೆಯ ಶಾಲೆಗಳಿಗೆ ಹೋಗಿ, ಬಟ್ಟೆ ಸರಿಸಿ, ಯಾವುದು ಓಡುತ್ತದೆ, ಯಾವುದು ಓಡುವುದಿಲ್ಲ ಎಂದು ಪಟ್ಟಿ ಮಾಡಿ, ಎಲ್ಲ ಪ್ಲಗ್ಗುಗಳನ್ನೂ ಕಿತ್ತಿಟ್ಟು ಬರುತ್ತೇವೆ. ಜೊತೆಗೆ ಬರುವವರು ಸ್ಟಾರ್ ಸ್ಕ್ರೂಡ್ರೈವರ್, ಪೇಂಟ್ ಬ್ರಷ್ಷು, ಒಂದು ಪೆನ್ಸಿಲ್ ರಬ್ಬರು ತನ್ನಿ.